ಮ್ಯಾಥ್ಸ್ ಜೊತೆ ಬಯಾಲಜಿಯೂ ಬೇಕಾ? ಕಾಸರಗೋಡಿನ ಮಕ್ಕಳಿಗೆ ಹೆಚ್ಚುವರಿ ವಿಷಯದ ಲೆಕ್ಕಾಚಾರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದ ಪ್ಲಸ್ ವನ್ (ಹನ್ನೊಂದನೇ ತರಗತಿ) ಸೀಟಿನ ಅಲಾಟ್‌ಮೆಂಟ್ ಮುಗಿಯುವ ತನಕ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಒಂದೇ ಚರ್ಚೆ. ಮಗಳಿಗೆ ಲೆಕ್ಕ ಇಷ್ಟ, ಆದರೆ ಡಾಕ್ಟರ್ ಆಗುವ ಆಸೆಯೂ ಬಿಟ್ಟಿಲ್ಲ. ಮಗ ಕಂಪ್ಯೂಟರ್ ಅನ್ನುತ್ತಾನೆ, ಅಪ್ಪನಿಗೆ ಬಯಾಲಜಿ ಬಿಡಿಸಲು ಧೈರ್ಯ ಇಲ್ಲ. ಕೊನೆಗೆ ಸೋದರಮಾವನೋ ಪಕ್ಕದ ಮನೆಯವರೋ ಹೇಳುತ್ತಾರೆ, "ಎರಡೂ ತೆಗೊಳ್ಳಲಿ, ನಷ್ಟ ಏನು?"

ಕೆಲವು ಮಕ್ಕಳಿಗೆ ಏನೂ ನಷ್ಟ ಇಲ್ಲ, ಲಾಭವೇ ಇದೆ. ಇನ್ನು ಕೆಲವರಿಗೆ ಎರಡು ವರ್ಷದ ನಿದ್ದೆ, ಅಂಕ, ಧೈರ್ಯ ಮೂರೂ ಹೋಗುತ್ತದೆ. ಯಾರಿಗೆ ಯಾವುದು ಅನ್ನುವುದು ಮಗುವಿನ ಬುದ್ಧಿಯ ಮೇಲೆ ಅಷ್ಟಾಗಿ ನಿಂತಿಲ್ಲ. ಆ ವಿಷಯ ಮುಂದೆ ಎಲ್ಲಿಗೆ ಬೇಕು, ದಿನಕ್ಕೆ ಎಷ್ಟು ಗಂಟೆ ಕೈಯಲ್ಲಿದೆ, ಬೇಡ ಅನಿಸಿದರೆ ಬಿಡಲು ದಾರಿ ಇದೆಯಾ, ಇದರ ಮೇಲೆ ನಿಂತಿದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮನೆಗಳವರಿಗೆ ಇನ್ನೊಂದು ತೊಡಕು ಇದೆ. ನಮ್ಮ ಎದುರು ಕೇರಳದ ಪ್ಲಸ್ ಟು, ಮಂಗಳೂರಿನ ಪಿಯುಸಿ, ಸಿ.ಬಿ.ಎಸ್.ಇ. ಮೂರೂ ಇವೆ. ಗಲ್ಫ್‌ನಲ್ಲಿರುವ ನಮ್ಮವರಿಗೆ ಐ.ಬಿ. ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮ ಕೂಡ ಇದೆ. ಒಂದೊಂದರಲ್ಲಿ "ಹೆಚ್ಚುವರಿ ವಿಷಯ" ಅಂದರೆ ಒಂದೊಂದು ಅರ್ಥ.

ಮೊದಲು ಯಾವುದನ್ನು ನೋಡಬೇಕು

ನಾನು ಐದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಈ ವಿಷಯ ಇಲ್ಲದಿದ್ದರೆ ಸೇರಲಾಗದ ಕೋರ್ಸ್ ಯಾವುದು? ವಾರಕ್ಕೆ ಎಷ್ಟು ಗಂಟೆ ಬೇಕು? ಅದರ ಅಂಕ ಒಟ್ಟು ಅಂಕಕ್ಕೆ ಸೇರುತ್ತದಾ, ಪ್ರತ್ಯೇಕವಾಗಿ ಉಳಿಯುತ್ತದಾ? ಖರ್ಚು ಎಷ್ಟು? ಮಧ್ಯದಲ್ಲಿ ಬಿಡಬಹುದಾ, ಇಲ್ಲವೇ ಆಮೇಲೆ ಸೇರಿಸಬಹುದಾ?

ಇವುಗಳಲ್ಲಿ ಮೊದಲನೆಯದೇ ಮುಖ್ಯ. ಅದಕ್ಕೆ ಉತ್ತರ ಸಿಗದಿದ್ದರೆ ಉಳಿದ ನಾಲ್ಕರ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಎಂ.ಬಿ.ಬಿ.ಎಸ್., ಬಿ.ಡಿ.ಎಸ್., ಆಯುರ್ವೇದಕ್ಕೆ ನೀಟ್ ಬೇಕು. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸಾಕು. ಮ್ಯಾಥ್ಸ್ ಯಾರೂ ಕೇಳುವುದಿಲ್ಲ. ಕೇರಳದಲ್ಲಿ ಬಿ.ಎಸ್ಸಿ. ಅಗ್ರಿಕಲ್ಚರ್, ವೆಟರಿನರಿಗೂ ನೀಟ್ ರ್‍ಯಾಂಕನ್ನೇ ನೋಡುತ್ತಾರೆ. ನಮ್ಮ ಜಿಲ್ಲೆಯ ಪಡನ್ನಕ್ಕಾಡು ಕೃಷಿ ಕಾಲೇಜಿಗೆ ಆಸೆಪಡುವ ಅಡಿಕೆ ತೋಟದ ಮನೆಯ ಮಕ್ಕಳು ಇದನ್ನು ಗಮನಿಸಬೇಕು. ನರ್ಸಿಂಗ್‌ಗೂ ಬಯಾಲಜಿ ಬೇಕು. ಬಿ.ಫಾರ್ಮ್‌ಗೆ ಬಯಾಲಜಿ ಅಥವಾ ಮ್ಯಾಥ್ಸ್, ಯಾವುದಾದರೂ ನಡೆಯುತ್ತದೆ.

ಆಚೆ ಬದಿಯಲ್ಲಿ ಇಂಜಿನಿಯರಿಂಗ್, ಬಿ.ಆರ್ಕ್., ಮರ್ಚೆಂಟ್ ನೇವಿ, ಎನ್.ಡಿ.ಎ.ಯ ನೌಕಾಪಡೆ-ವಾಯುಪಡೆ ವಿಭಾಗ, ಇವಕ್ಕೆಲ್ಲ ಮ್ಯಾಥ್ಸ್ ಬೇಕು, ಬಯಾಲಜಿ ಬೇಡ. ಬಯೋಟೆಕ್ನಾಲಜಿ ಇಂಜಿನಿಯರಿಂಗ್‌ಗೆ ಬಯಾಲಜಿ ಬೇಕೇಬೇಕು ಅಂತ ತುಂಬ ಜನ ನಂಬಿದ್ದಾರೆ. ಆದರೆ ಆ ಸೀಟೂ ಕೇರಳದ ಪ್ರವೇಶ ಪರೀಕ್ಷೆ ಕೀಮ್‌ನಲ್ಲಿ ಇರಲಿ, ಕರ್ನಾಟಕದ ಸಿ.ಇ.ಟಿ.ಯಲ್ಲಿ ಇರಲಿ, ಇಂಜಿನಿಯರಿಂಗ್ ರ್‍ಯಾಂಕಿನಲ್ಲೇ ಸಿಗುವುದು. ಆ ರ್‍ಯಾಂಕು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಿಂದ ಬರುವುದು.

ಹಾಗಾದರೆ ಎರಡೂ ಇದ್ದರೆ ನಿಜವಾಗಿ ಉಪಯೋಗ ಆಗುವ ಜಾಗ ಯಾವುದು? ನನಗೆ ತಕ್ಷಣ ನೆನಪಾಗುವುದು ಐಸರ್, ಅಂದರೆ ಕೇಂದ್ರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳು. ಅವುಗಳ ಪ್ರವೇಶ ಪರೀಕ್ಷೆಯಲ್ಲಿ 60 ಪ್ರಶ್ನೆ. ಬಯಾಲಜಿ, ಕೆಮಿಸ್ಟ್ರಿ, ಮ್ಯಾಥ್ಸ್, ಫಿಸಿಕ್ಸ್ ನಾಲ್ಕರಿಂದಲೂ ಹದಿನೈದು ಹದಿನೈದು. ಮೂರು ವಿಷಯ ಓದಿದವರಿಗೂ ಅರ್ಹತೆ ಇದೆ, ಆದರೆ ನಾಲ್ಕನೆಯದನ್ನು ಓದದೆ ಹೋದವರು ಕಾಲು ಭಾಗ ಪ್ರಶ್ನೆಪತ್ರಿಕೆಯ ಎದುರು ಸುಮ್ನೆ ಕೂರಬೇಕಾಗುತ್ತದೆ. ವಿಜ್ಞಾನದಲ್ಲೇ ಸಂಶೋಧನೆಗೆ ಹೋಗುವ ಮನಸ್ಸಿರುವ ಮಗುವಿಗೆ ಬಯೋ-ಮ್ಯಾಥ್ಸ್ ಬಂಗಾರ. ಇನ್ನೊಂದು ಗುಂಪು, ಹದಿನೈದು ವರ್ಷಕ್ಕೆ ಇನ್ನೂ ಏನೂ ತೀರ್ಮಾನ ಆಗದವರು. ಅದು ತಪ್ಪೇನಲ್ಲ. ಅವರಿಗೆ ಎರಡೂ ಇಟ್ಟುಕೊಳ್ಳುವುದು ಒಂದು ವರ್ಷದ ಕಾಲಾವಕಾಶ ಕೊಂಡುಕೊಂಡ ಹಾಗೆ. ಆದರೆ ಅದರ ಬೆಲೆ ಎಷ್ಟು ಅಂತ ತಿಳಿದೇ ಕೊಳ್ಳಬೇಕು.

ಪ್ಲಸ್ ಟು ಬಯೋ-ಮ್ಯಾಥ್ಸ್: ಹೆಸರಿಗೆ ಒಂದು ವಿಷಯ, ಕೆಲಸಕ್ಕೆ ಎರಡು

ಕೇರಳದ ಹೈಯರ್ ಸೆಕೆಂಡರಿಯಲ್ಲಿ ಎಲ್ಲರಿಗೂ ಆರೇ ವಿಷಯ. ಇಂಗ್ಲಿಷ್, ಎರಡನೇ ಭಾಷೆ, ಮತ್ತೆ ನಾಲ್ಕು ಐಚ್ಛಿಕ. ಏಳನೆಯದನ್ನು ಸೇರಿಸುವ ಪದ್ಧತಿ ಇಲ್ಲಿಲ್ಲ. ಇಲ್ಲಿ "ಜಾಸ್ತಿ ಹೊರೆ" ಅಂದರೆ ಆ ನಾಲ್ಕನೇ ಐಚ್ಛಿಕ ಯಾವುದು ಅನ್ನುವುದು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಬಯಾಲಜಿ ಇದ್ದರೆ ಬಯೋ-ಮ್ಯಾಥ್ಸ್ ಬ್ಯಾಚ್. ಕಂಪ್ಯೂಟರ್ ಸೈನ್ಸ್ ಇದ್ದರೆ ಕಂಪ್ಯೂಟರ್ ಬ್ಯಾಚ್.

ಅರ್ಜಿಯ ಮೇಲೆ ಎರಡೂ ಸಮ ಕಾಣುತ್ತವೆ. ಪ್ರತಿ ವಿಷಯಕ್ಕೂ ಎರಡು ವರ್ಷಕ್ಕೆ ಸೇರಿ 200 ಅಂಕ, ಒಟ್ಟು 1200. ಆದರೆ ಮಗುವಿನ ಚೀಲ ಬಿಚ್ಚಿ ನೋಡಿ. ಬಯಾಲಜಿ ಅಂದರೆ ಬಾಟನಿ ಬೇರೆ, ಝೂವಾಲಜಿ ಬೇರೆ. ಪಾಠ ಮಾಡುವ ಟೀಚರ್ ಇಬ್ಬರು, ಪುಸ್ತಕ ಎರಡು, ರೆಕಾರ್ಡ್ ಎರಡು. ಪ್ರತಿ ವರ್ಷದ ಲಿಖಿತ ಪರೀಕ್ಷೆಯ 60 ಅಂಕವೂ ಮೂವತ್ತು ಮೂವತ್ತು ಆಗಿ ಹಂಚಿಹೋಗುತ್ತದೆ. ಬಾಟನಿ ರೆಕಾರ್ಡಿಗೆ ಕಾಂಡದ ಅಡ್ಡಸೀಳಿನ ಚಿತ್ರ ಬಿಡಿಸಿ, ಪೆನ್ಸಿಲ್ ಚೂಪು ಮಾಡಿ ಒಂದೊಂದು ಗೆರೆ ಎಳೆದು ಹೆಸರು ಬರೆಯುವುದಕ್ಕೇ ಭಾನುವಾರದ ಅರ್ಧ ದಿನ ಹೋಗುತ್ತದೆ. ಅದೇ ಹೊತ್ತಿಗೆ ಝೂವಾಲಜಿಯದ್ದೂ ಕಾಯುತ್ತಿರುತ್ತದೆ, ಕೆಮಿಸ್ಟ್ರಿಯದ್ದೂ ಕಾಯುತ್ತಿರುತ್ತದೆ. ಈ ಕೆಲಸವನ್ನು ಯಾರೂ ಮೊದಲೇ ಹೇಳುವುದಿಲ್ಲ.

ಇನ್ನು ಗಂಟೆಯ ಲೆಕ್ಕ. ಹೈಯರ್ ಸೆಕೆಂಡರಿ ತರಗತಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು ಮುಕ್ಕಾಲರ ತನಕ. ಅಡೂರಿನಿಂದಲೋ ಪೆರ್ಲದಿಂದಲೋ ದೂರದ ಶಾಲೆಗೆ ಹೋಗುವ ಮಗು ಏಳೂವರೆಗೆ ಮನೆ ಬಿಟ್ಟರೆ ತಿರುಗಿ ಬರುವಾಗ ಆರು ದಾಟುತ್ತದೆ. ಸ್ನಾನ, ಕಾಫಿ ಮುಗಿದು ಪುಸ್ತಕ ತೆರೆಯುವಾಗ ಏಳು. ಹತ್ತೂವರೆಗೆ ಮಲಗಬೇಕು ಅಂದರೆ ಊಟ ಕಳೆದು ಉಳಿಯುವುದು ಮೂರು ಗಂಟೆ. ಅದರಲ್ಲಿ ಮ್ಯಾಥ್ಸ್ ಲೆಕ್ಕ ಮಾಡಲು ಒಂದು ಗಂಟೆ ಹೋದರೆ ಉಳಿದ ಐದು ವಿಷಯಕ್ಕೆ ಎರಡು ಗಂಟೆ. ಶಾಲೆಯ ಹತ್ತಿರವೇ ಮನೆ ಇರುವ ಮಗುವಿಗೆ ಇದೇ ಲೆಕ್ಕದಲ್ಲಿ ನಾಲ್ಕು ಗಂಟೆಯ ಮೇಲೆ ಸಿಗುತ್ತದೆ. ಹಾಗಾಗಿ ಇಬ್ಬರು ಮಕ್ಕಳಿಗೆ ಒಂದೇ ಗ್ರೇಡ್ ಇದ್ದರೂ ಒಂದೇ ಸಲಹೆ ಕೊಡಲಾಗದು.

ಮತ್ತೊಂದು ನಮ್ಮ ಊರಿನದೇ ಸಂಗತಿ. ಪ್ಲಸ್ ವನ್ ತರಗತಿ ಶುರುವಾಗುವಾಗಲೇ ಜೂನ್ ಅರ್ಧ ಕಳೆದಿರುತ್ತದೆ. ಆಮೇಲೆ ಮಳೆ. ರೆಡ್ ಅಲರ್ಟ್ ಬಂದ ದಿನ ಕಲೆಕ್ಟರ್ ರಜೆ ಕೊಡುತ್ತಾರೆ. ಓಣಂ ತನಕ ಪಾಠ ಕುಂಟುತ್ತದೆ, ಆಮೇಲೆ ಓಡುತ್ತದೆ. ಕೇರಳದಲ್ಲಿ ಪ್ಲಸ್ ವನ್ ಅಂಕವೂ ಕೊನೆಯ ಸರ್ಟಿಫಿಕೇಟಿಗೆ ಸೇರುವುದರಿಂದ ಈ ಗಡಿಬಿಡಿಯ ವರ್ಷ ಲೆಕ್ಕಕ್ಕೆ ಬರುತ್ತದೆ. ಅಂಕ ಕಮ್ಮಿಯಾದರೆ ಇಂಪ್ರೂವ್‌ಮೆಂಟ್ ಬರೆಯಬಹುದು, ಆದರೆ ಮೂರು ವಿಷಯಕ್ಕೆ ಮಾತ್ರ. ಅದನ್ನು ಬರೆಯುವಾಗ ಪ್ಲಸ್ ಟು ಹೊರೆಯೂ ಜೊತೆಗೇ ಇರುತ್ತದೆ.

ಕನ್ನಡ ಮಾಧ್ಯಮದಲ್ಲಿ ಹತ್ತನೇ ತನಕ ಓದಿ ಬರುವವರ ಬಗ್ಗೆ ಬೇರೆಯಾಗಿ ಹೇಳಬೇಕು. ಪ್ಲಸ್ ವನ್‌ನಲ್ಲಿ ಪುಸ್ತಕ ಇಂಗ್ಲಿಷ್‌ಗೆ ತಿರುಗುತ್ತದೆ. ಮ್ಯಾಥ್ಸ್‌ನಲ್ಲಿ ಈ ಬದಲಾವಣೆ ಬೇಗ ದಾಟಿಹೋಗುತ್ತದೆ, ಚಿಹ್ನೆ ಎಲ್ಲ ಕಡೆ ಒಂದೇ ಅಲ್ವಾ. ಬಯಾಲಜಿಯಲ್ಲಿ ಪುಟಪುಟಕ್ಕೂ ಹೊಸ ಹೆಸರು. ಇಂಥ ಮಕ್ಕಳು ಬಯೋ-ಮ್ಯಾಥ್ಸ್ ತೆಗೆದುಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ತೆಗೆದುಕೊಂಡು ಚೆನ್ನಾಗಿ ಮಾಡಿದವರು ನಮ್ಮ ನಡುವೆ ಬೇಕಾದಷ್ಟು ಇದ್ದಾರೆ. ಮೊದಲ ಮೂರು ತಿಂಗಳು ಬಯಾಲಜಿಗೆ ದುಪ್ಪಟ್ಟು ಹೊತ್ತು ಬೇಕು ಅನ್ನುವುದನ್ನು ಮನೆಯವರು ಮೊದಲೇ ಒಪ್ಪಿಕೊಂಡಿರಬೇಕು, ಓಣಂ ಪರೀಕ್ಷೆಯ ಅಂಕ ನೋಡಿ ಗದರಬಾರದು.

ಖರ್ಚು? ಸರಕಾರಿ, ಅನುದಾನಿತ ಶಾಲೆಯ ಫೀಸು ಭಾರ ಅಲ್ಲ. ಭಾರ ಬರುವುದು ಟ್ಯೂಷನ್‌ನಿಂದ. ಎರಡೂ ವಿಷಯ ಇಟ್ಟುಕೊಂಡ ಮಗುವಿಗೆ ಮ್ಯಾಥ್ಸ್‌ಗೊಂದು, ಬಯಾಲಜಿಗೊಂದು, ಆಮೇಲೆ ನೀಟ್ ಇಲ್ಲವೇ ಜೆ.ಇ.ಇ. ಕೋಚಿಂಗ್ ಅಂತ ಸೇರುತ್ತಾ ಹೋಗುತ್ತದೆ. ನೀಟ್, ಜೆ.ಇ.ಇ. ಎರಡಕ್ಕೂ ಒಟ್ಟಿಗೆ ಕೋಚಿಂಗ್ ಕೊಡಿಸುವುದಕ್ಕೆ ನಾನು ಸ್ಪಷ್ಟವಾಗಿ ವಿರೋಧ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಬಯಾಲಜಿಯವು, ಅಂದರೆ 720 ಅಂಕದಲ್ಲಿ 360. ಜೆ.ಇ.ಇ.ಯಲ್ಲಿ ಬಯಾಲಜಿ ಸೊನ್ನೆ. ಎರಡೂ ಶಾಲೆಯಲ್ಲಿ ಓದಿ, ಒಂದಕ್ಕೆ ಮಾತ್ರ ತಯಾರಿ ಮಾಡಿ.

ಒಂದನ್ನು ಬಿಟ್ಟರೆ

ಕಂಪ್ಯೂಟರ್ ಬ್ಯಾಚ್‌ಗೆ ಹೋಗಿ ಬಯಾಲಜಿ ಬಿಡುವುದು ಈಗ ಮೊದಲಿನಷ್ಟು ಭಯದ ವಿಷಯ ಅಲ್ಲ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ದೊಡ್ಡ ಬದಲಾವಣೆ ಮಾಡಿತು. ಹನ್ನೆರಡನೇ ತರಗತಿ ಪಾಸಾದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆ ಇರುವ ಬೋರ್ಡಿನಲ್ಲಿ ಬರೆದು ಪಾಸಾದವರೂ ನೀಟ್ ಬರೆಯಬಹುದು ಅಂತಾಯಿತು. ಅಂದರೆ ಹದಿನೈದನೇ ವಯಸ್ಸಿನಲ್ಲಿ ಬಿಟ್ಟದ್ದನ್ನು ಹದಿನೆಂಟರಲ್ಲಿ ತೆಗೆದುಕೊಳ್ಳಲು ದಾರಿ ಇದೆ. ಒಂದು ವರ್ಷ ಹೋಗುತ್ತದೆ, ನಿಜ. ಆದರೆ ನೀಟ್‌ಗೆ ರಿಪೀಟ್ ಮಾಡುವವರು ಹೇಗೂ ಒಂದು ವರ್ಷ ಕೊಡುತ್ತಾರೆ.

ಈ ಹೆಚ್ಚುವರಿ ಪರೀಕ್ಷೆಗೆ ಕೇಂದ್ರದ ಮುಕ್ತ ಶಾಲೆ ಎನ್.ಐ.ಒ.ಎಸ್. ಒಳ್ಳೆಯ ದಾರಿ. ಒಂದೇ ಒಂದು ವಿಷಯಕ್ಕೂ ಅಲ್ಲಿ ಸೇರಬಹುದು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಹೊತ್ತಿಗೆ. ಶಿಸ್ತಿಲ್ಲದ ಮಗುವಿಗೆ ಇದು ಹೊಂದುವುದಿಲ್ಲ. ಬೆಲ್ ಹೊಡೆಯುವವರು ಯಾರೂ ಇಲ್ಲ, ರೆಕಾರ್ಡ್ ಕೇಳುವ ಟೀಚರ್ ಇಲ್ಲ. ಪ್ರಾಕ್ಟಿಕಲ್ ಎಲ್ಲಿ ಮಾಡಬೇಕು ಅನ್ನುವುದನ್ನೂ ಸೇರುವ ಮೊದಲೇ ಕೇಳಿಕೊಳ್ಳಬೇಕು.

ಆಚೆ ಕಡೆ, ಬಯಾಲಜಿ ಇಟ್ಟುಕೊಂಡು ಮ್ಯಾಥ್ಸ್ ಬಿಡುವ ಕಾಂಬಿನೇಶನ್‌ಗಳೂ ಪ್ಲಸ್ ಟು ಪಟ್ಟಿಯಲ್ಲಿ ಇವೆ. ಹೋಮ್ ಸೈನ್ಸ್ ಜೊತೆ ಒಂದು, ಸೈಕಾಲಜಿ ಜೊತೆ ಒಂದು. ಹತ್ತಿರದ ಶಾಲೆಯಲ್ಲಿ ಅದು ಇದೆಯಾ ಅನ್ನುವುದೇ ಪ್ರಶ್ನೆ. ವೃತ್ತಿಪರ ಪ್ಲಸ್ ಟು ಆದ ವಿ.ಎಚ್.ಎಸ್.ಇ.ಯಲ್ಲಿ ಬಯಾಲಜಿ ಗುಂಪಿಗೆ ಸೇರಿದವರಿಗೆ ಸ್ಕೋಲ್ ಕೇರಳ ಅನ್ನುವ ಸರಕಾರಿ ಮುಕ್ತ ಶಿಕ್ಷಣ ಸಂಸ್ಥೆಯ ಮೂಲಕ ಮ್ಯಾಥ್ಸ್ ಅನ್ನು ಹೆಚ್ಚುವರಿಯಾಗಿ ಓದುವ ವ್ಯವಸ್ಥೆ ಇದೆ, ಅದು ತುಂಬ ಮನೆಗಳಿಗೆ ಗೊತ್ತೇ ಇಲ್ಲ. ಮ್ಯಾಥ್ಸ್ ಬಿಡುವವರಿಗೆ ಒಂದು ಎಚ್ಚರಿಕೆ ಕೊಡಲೇಬೇಕು. ನೀಟ್‌ನಲ್ಲಿ ಮ್ಯಾಥ್ಸ್ ಇಲ್ಲ, ಫಿಸಿಕ್ಸ್ ಇದೆ. ಆ ಫಿಸಿಕ್ಸ್‌ನ ಒಳಗೆ ತ್ರಿಕೋನಮಿತಿ, ವೆಕ್ಟರ್, ಅಷ್ಟಿಷ್ಟು ಕ್ಯಾಲ್ಕುಲಸ್ ಎಲ್ಲ ಅಡಗಿ ಕೂತಿದೆ. ಮ್ಯಾಥ್ಸ್ ತರಗತಿಯಲ್ಲಿ ಕೂತ ಮಗುವಿಗೆ ಅದು ಅಲ್ಲೇ ಸಿಗುತ್ತದೆ. ಕೂರದ ಮಗು ಫಿಸಿಕ್ಸ್ ಟ್ಯೂಷನ್‌ನಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕು.

ಎರಡರಲ್ಲಿ ಒಂದನ್ನು ಬಿಡಲೇಬೇಕು, ಮನಸ್ಸು ಇನ್ನೂ ನಿರ್ಧಾರ ಮಾಡಿಲ್ಲ ಅಂದರೆ ಬಯಾಲಜಿ ಬಿಡುವುದು ಕಮ್ಮಿ ಅಪಾಯ ಅನ್ನುವುದು ನನ್ನ ಅಭಿಪ್ರಾಯ. ಬಯಾಲಜಿಯನ್ನು ಓದಿ ಹಿಡಿಯಬಹುದು. ಎರಡು ವರ್ಷ ಬಿಟ್ಟ ಮ್ಯಾಥ್ಸ್ ಅನ್ನು ಒಬ್ಬರೇ ಕೂತು ಹಿಡಿಯುವುದು ಬಹಳ ಕಷ್ಟ.

ತಲಪಾಡಿ ಗಡಿ ದಾಟಿ ಹೋದರೆ

ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರು ಹತ್ತಿರ. ಕಾಸರಗೋಡಿನಿಂದ ರೈಲಿನಲ್ಲಿ ಸೀಸನ್ ಟಿಕೆಟ್ ಮಾಡಿ ಹೋಗುವ ಮಕ್ಕಳೂ ಇದ್ದಾರೆ. ಕರ್ನಾಟಕದ ಪಿಯುಸಿಯಲ್ಲೂ ಎರಡು ಭಾಷೆ, ನಾಲ್ಕು ಐಚ್ಛಿಕ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಬಯಾಲಜಿ ಇದ್ದರೆ ಪಿ.ಸಿ.ಎಂ.ಬಿ., ಕಂಪ್ಯೂಟರ್ ಇದ್ದರೆ ಪಿ.ಸಿ.ಎಂ.ಸಿ., ಸ್ಟಾಟಿಸ್ಟಿಕ್ಸ್ ಇದ್ದರೆ ಪಿ.ಸಿ.ಎಂ.ಎಸ್. ಅಂತ ಹೆಸರು ಬೇರೆ, ಪ್ರಶ್ನೆ ಅದೇ.

ಲಾಭ ಏನೆಂದರೆ ಅಲ್ಲಿ ಅಂಕಪಟ್ಟಿಗೆ ದ್ವಿತೀಯ ಪಿಯು ಅಂಕ ಮಾತ್ರ. ಮೊದಲ ವರ್ಷ ಎಡವಿದರೂ ಸರಿಮಾಡಿಕೊಳ್ಳಲು ಜಾಗ ಇದೆ. ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಯೂ ಇದೆ. ನಾಲ್ಕು ಐಚ್ಛಿಕದ ಭಾರ ಹೊರುವವರಿಗೆ ಇದು ನಿಜವಾಗಿಯೂ ಉಸಿರಾಡಲು ಜಾಗ ಕೊಡುತ್ತದೆ. ನಷ್ಟ ಎರಡು. ಖಾಸಗಿ ಕಾಲೇಜಿನ ಫೀಸು, ಮತ್ತೆ ದಾರಿಯಲ್ಲಿ ಹೋಗುವ ಹೊತ್ತು. ಹಾಸ್ಟೆಲಿನಲ್ಲಿ ಇದ್ದರೆ ಹೊತ್ತು ಉಳಿಯುತ್ತದೆ, ಫೀಸು ಇನ್ನೂ ಏರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ತುಂಬ ಹಬ್ಬಿದೆ. ಮಂಗಳೂರಿನಲ್ಲಿ ಪಿಯುಸಿ ಮಾಡಿದರೆ ಕರ್ನಾಟಕದ ಸರಕಾರಿ ಕೋಟಾ ತಾನಾಗಿ ಸಿಗುತ್ತದೆ ಅಂತ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಸಾಮಾನ್ಯ ನಿಯಮಕ್ಕೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ನಮಗೆ ಬೇರೆ ದಾರಿ ಇದೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರುವ ಗಡಿನಾಡ ಕನ್ನಡಿಗರಿಗೆ ಸಿ.ಇ.ಟಿ.ಯಲ್ಲಿ ಪ್ರತ್ಯೇಕ ಕಲಂ ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಆ ವರ್ಷದ ಮಾಹಿತಿ ಪುಸ್ತಕ ತೆಗೆದು ದಾಖಲೆಗಳ ಪಟ್ಟಿ ನೋಡಿಕೊಳ್ಳಿ. ಆದರೆ ಕೋಟಾದ ಆಸೆಗೆ ಮಾತ್ರ ಗಡಿ ದಾಟುವ ಅಗತ್ಯ ಇಲ್ಲ.

ಇನ್ನೊಂದು ಸಣ್ಣ ಸಂಗತಿ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, ಅದು ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಕನ್ನಡದಲ್ಲಿ ಬರೆಯುವವರು ಕೇಂದ್ರ ಆರಿಸುವಾಗ ಮಂಗಳೂರು ಹಾಕಬೇಕು.

ಸಿ.ಬಿ.ಎಸ್.ಇ.ಯ ಆರನೇ ವಿಷಯ

ಹೆಚ್ಚುವರಿ ವಿಷಯಕ್ಕೆ ಅತಿ ಮೆತ್ತಗಿನ ವ್ಯವಸ್ಥೆ ಇರುವುದು ಇಲ್ಲಿ. ಇಂಗ್ಲಿಷ್ ಸೇರಿ ಐದು ಮುಖ್ಯ ವಿಷಯ. ಬೇಕಾದವರು ಆರನೆಯದನ್ನು ಸೇರಿಸಬಹುದು. ಐದರಲ್ಲಿ ಒಂದು ಫೇಲಾಗಿ ಆರನೆಯದು ಪಾಸಾದರೆ, ನಿಯಮದ ಮಿತಿಯೊಳಗೆ ಆರನೆಯದು ಅದರ ಜಾಗಕ್ಕೆ ಬರುತ್ತದೆ. ಹೊರೆ ಹೌದು, ಆದರೆ ಬಿದ್ದರೆ ಹಿಡಿಯುತ್ತದೆ.

ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ, ಇಂಗ್ಲಿಷ್ ಅಂದರೆ ಐದೇ ಆಯಿತು. ಹಾಗಾಗಿ ಎರಡೂ ಬೇಕೆನ್ನುವವರಿಗೆ ಆರನೆಯದು ಕಡ್ಡಾಯ ಅಲ್ಲ. ಆದರೆ ನಾನು ಇಂಥವರಿಗೆ ಫಿಸಿಕಲ್ ಎಜುಕೇಶನ್ ಅಥವಾ ಒಂದು ಭಾಷೆಯನ್ನು ಆರನೆಯದಾಗಿ ಇಟ್ಟುಕೊಳ್ಳಲು ಹೇಳುತ್ತೇನೆ. ಹಗುರ ವಿಷಯ, ಅಂಕ ಸಿಗುತ್ತದೆ. ಆರನೆಯದಾಗಿ ಬಯಾಲಜಿಯನ್ನೇ ಇಡುವ ಶಾಲೆಗಳೂ ಇವೆ. ಅಲ್ಲಿ ಐದನೆಯದು ಕಂಪ್ಯೂಟರ್ ಆಗಿದ್ದರೆ ಮಗುವಿಗೆ ಮೂರು ದೊಡ್ಡ ಪ್ರಾಕ್ಟಿಕಲ್ ವಿಷಯದ ಮೇಲೆ ನಾಲ್ಕನೆಯದು. ಅದು ಜಾಸ್ತಿಯಾಯಿತು.

ಎರಡು ಎಚ್ಚರಿಕೆ. ಆರನೇ ವಿಷಯವನ್ನು ಹನ್ನೊಂದರಲ್ಲೇ ಶುರು ಮಾಡಬೇಕು, ಹನ್ನೆರಡರಲ್ಲಿ ಮನಸ್ಸು ಬಂದರೆ ಸೇರಿಸಲಾಗದು. ಮತ್ತೆ "ಅಪ್ಲೈಡ್ ಮ್ಯಾಥಮ್ಯಾಟಿಕ್ಸ್" ಅಂತ ಒಂದು ವಿಷಯ ಇದೆ. ಸುಲಭ ಅಂತ ಅದನ್ನು ತೆಗೆದುಕೊಂಡು ಇಂಜಿನಿಯರಿಂಗ್ ಕನಸು ಕಾಣಬೇಡಿ. ಅದು ಕಾಮರ್ಸ್, ಸಮಾಜ ವಿಜ್ಞಾನದ ಕಡೆಗೆ ಹೋಗುವವರಿಗೆ ರೂಪಿಸಿದ್ದು.

ಗಲ್ಫ್‌ನಲ್ಲಿರುವ ನಮ್ಮವರ ಐ.ಬಿ. ಮಕ್ಕಳು

ದುಬೈ, ದೋಹಾದಲ್ಲಿ ನೆಲೆಸಿದವರ ಮಕ್ಕಳಲ್ಲಿ ಕೆಲವರು ಐ.ಬಿ. ಡಿಪ್ಲೊಮಾ ಓದುತ್ತಾರೆ. ಅಲ್ಲಿ ಆರು ವಿಷಯ, ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್, ಮೂರು ಸ್ಟ್ಯಾಂಡರ್ಡ್ ಲೆವೆಲ್. ಹೈಯರ್‌ಗೆ 240 ಗಂಟೆ ಪಾಠ, ಸ್ಟ್ಯಾಂಡರ್ಡ್‌ಗೆ 150. ಅದರ ಜೊತೆ ಜ್ಞಾನ ಮೀಮಾಂಸೆಯ ಒಂದು ಪಾಠ, 4000 ಪದದ ಪ್ರಬಂಧ, ಕಲೆ-ಆಟ-ಸೇವೆಯ ಚಟುವಟಿಕೆ. ಆರು ವಿಷಯಕ್ಕೆ ತಲಾ 7ರಂತೆ 42, ಉಳಿದದ್ದಕ್ಕೆ 3, ಒಟ್ಟು 45 ಅಂಕ.

ಏಳನೇ ವಿಷಯ ತೆಗೆದುಕೊಳ್ಳಲು ಅವಕಾಶ ಇದೆ. ಆದರೆ ಅದರ ಅಂಕ ಆ 45ಕ್ಕೆ ಸೇರುವುದಿಲ್ಲ, ಫಲಿತಾಂಶ ಪ್ರತ್ಯೇಕವಾಗಿ ದಾಖಲಾಗುತ್ತದೆ. ಹಾಗಿರುವಾಗ ಸುಮ್ನೆ ಅರ್ಜಿ ಚೆಂದ ಕಾಣಲಿ ಅಂತ ಏಳನೆಯದನ್ನು ತೆಗೆದುಕೊಳ್ಳುವುದು ಬೇಡ. ಏಳನೇ ವಿಷಯಕ್ಕೆ ಹೋದ 150 ಗಂಟೆಯಲ್ಲಿ ಒಂದು ಹೈಯರ್ ಲೆವೆಲ್ ವಿಷಯವನ್ನು 5ರಿಂದ 6ಕ್ಕೆ ಏರಿಸಬಹುದಿತ್ತು ಅಂದರೆ ವಿಶ್ವವಿದ್ಯಾಲಯ ನೋಡುವುದು ಆ 6 ಅನ್ನು.

ಒಂದು ಸಂದರ್ಭದಲ್ಲಿ ಮಾತ್ರ ಅದು ಅಲಂಕಾರ ಅಲ್ಲ, ಅಗತ್ಯ. ಭಾರತಕ್ಕೆ ಬಂದು ಎಂ.ಬಿ.ಬಿ.ಎಸ್. ಓದಬೇಕಾದವರಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು. ಐ.ಬಿ.ಯ ಸಾಮಾನ್ಯ ಚೌಕಟ್ಟಿನಲ್ಲಿ ಎರಡು ಭಾಷೆ, ಒಂದು ಸಮಾಜ ವಿಷಯ, ಒಂದು ಗಣಿತ ಇರಲೇಬೇಕು. ಕಲೆಯ ಜಾಗದಲ್ಲಿ ಇನ್ನೊಂದು ವಿಜ್ಞಾನ ಇಡಬಹುದು. ಅಲ್ಲಿಗೆ ವಿಜ್ಞಾನ ಎರಡೇ ಆಯಿತು. ಮೂರನೆಯದಕ್ಕೆ ಏಳನೇ ವಿಷಯವೇ ದಾರಿ, ಇಲ್ಲವೇ ಶಾಲೆ ಮೊದಲೇ ವಿಶೇಷ ಅನುಮತಿ ಪಡೆದು ಬೇರೆ ರೀತಿಯ ಡಿಪ್ಲೊಮಾ ಜೋಡಿಸಬೇಕು. ಇದನ್ನು ಮೊದಲ ವರ್ಷ ಶುರುವಾಗುವ ಮೊದಲೇ ಸಂಯೋಜಕರ ಹತ್ತಿರ ಕೂತು ಮಾತಾಡಿ. ಸ್ಟ್ಯಾಂಡರ್ಡ್ ಲೆವೆಲ್ ವಿಷಯಗಳಲ್ಲಿ ಒಂದೆರಡನ್ನು ಮೊದಲ ವರ್ಷದ ಕೊನೆಗೇ ಬರೆದು ಮುಗಿಸುವ ವ್ಯವಸ್ಥೆಯೂ ಇದೆ, ಎಲ್ಲ ವಿಷಯಕ್ಕೂ ಅನ್ವಯಿಸುವುದಿಲ್ಲ. ಶಾಲೆ ಅದನ್ನು ಒಪ್ಪಿದರೆ ಎರಡನೇ ವರ್ಷದ ಭಾರ ಇಳಿಯುತ್ತದೆ.

ಖರ್ಚಿನಲ್ಲಿ ಇದು ಎಲ್ಲಕ್ಕಿಂತ ಮೇಲೆ. ಪ್ರತಿ ವಿಷಯಕ್ಕೂ ಪರೀಕ್ಷಾ ಶುಲ್ಕ ಬೇರೆ.

ಕನ್ನಡವನ್ನು ಬಿಟ್ಟು ಜಾಗ ಮಾಡಬೇಡಿ

ಹೊರೆ ಜಾಸ್ತಿಯಾದಾಗ ಮನೆಯವರು ಮೊದಲು ಕೈ ಹಾಕುವುದು ಎರಡನೇ ಭಾಷೆಗೆ. "ಕನ್ನಡ ಬಿಟ್ಟು ಬೇರೆ ಸುಲಭದ ಭಾಷೆ ತೆಗೊಳ್ಳಲಿ" ಅನ್ನುತ್ತಾರೆ. ಇದನ್ನು ಕೇಳಿದಾಗ ನನಗೆ ನಿಜವಾಗಿಯೂ ಬೇಸರ ಆಗುತ್ತದೆ. ಅಂಕದ ಲೆಕ್ಕದಲ್ಲೂ ಇದು ಸರಿಯಲ್ಲ. ಮನೆಯಲ್ಲಿ ಮಾತಾಡುವ, ಹತ್ತು ವರ್ಷ ಓದಿದ ಭಾಷೆಗಿಂತ ಸುಲಭದ್ದು ಯಾವುದು? 1200ರಲ್ಲಿ 200 ಅಂಕ ಅದರದ್ದು. ಬಯೋ-ಮ್ಯಾಥ್ಸ್ ಹೊತ್ತ ಮಗುವಿಗೆ ವಾರದಲ್ಲಿ ನಿರಾಳವಾಗಿ ಕೂರುವ ಪೀರಿಯಡ್ ಅದೊಂದೇ.

ಮುಂದಕ್ಕೂ ಉಪಯೋಗ ಇದೆ. ಗಡಿನಾಡ ಕನ್ನಡಿಗರ ಕಲಂಗೆ ಕನ್ನಡ ಓದು-ಬರಹ ಬೇಕು. ಕೇರಳ ಪಿ.ಎಸ್.ಸಿ.ಯಲ್ಲಿ ಕನ್ನಡ ಬಲ್ಲವರಿಗೆ ಅಂತಲೇ ಕ್ಲರ್ಕ್ ಹುದ್ದೆ, ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗಳು ಬರುತ್ತವೆ. ಸಿ.ಬಿ.ಎಸ್.ಇ.ಯವರು ಶಾಲೆಯಲ್ಲಿ ಸೌಕರ್ಯ ಇದ್ದರೆ ಆ ಆರನೇ ಜಾಗವನ್ನು ಕನ್ನಡಕ್ಕೆ ಕೊಡಲಿ ಅನ್ನುವುದು ನನ್ನ ಆಸೆ.

ನಿಮ್ಮ ಮನೆಗೆ ಯಾವುದು

ಡಾಕ್ಟರ್ ಅಂತ ಮಗು ತಾನೇ ಹೇಳುತ್ತಿದ್ದರೆ, ಶಾಲೆ ಹತ್ತಿರ ಇದ್ದರೆ, ಪ್ಲಸ್ ಟು ಬಯೋ-ಮ್ಯಾಥ್ಸ್ ಇರಲಿ, ಮ್ಯಾಥ್ಸ್‌ನಲ್ಲಿ ಎ ಪ್ಲಸ್ ಬರಬೇಕು ಅನ್ನುವ ಒತ್ತಡ ಇಲ್ಲದಿರಲಿ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವ ಮಗುವಾದರೆ ಮೊದಲು ಹತ್ತಿರದ ಶಾಲೆಯ ಸೀಟು ನೋಡಿ, ಕಾಂಬಿನೇಶನ್ ಆಮೇಲೆ. ಮ್ಯಾಥ್ಸ್, ಕಂಪ್ಯೂಟರ್ ಮಾತ್ರ ಇಷ್ಟ ಇರುವವರಿಗೆ ಅಜ್ಜಿಯ ಆಸೆಗೋಸ್ಕರ ಬಯಾಲಜಿ ಹೊರಿಸುವುದು ಬೇಡ. 2023ರ ನಿಯಮ ಇದೆ ಅನ್ನುವುದನ್ನು ಅಜ್ಜಿಗೂ ಹೇಳಬಹುದು. ಕೈಯಲ್ಲಿ ಹಣ ಕಮ್ಮಿ ಇದ್ದು ಎರಡೂ ಬೇಕೆಂದರೆ ಸರಕಾರಿ ಶಾಲೆಯ ಬಯೋ-ಮ್ಯಾಥ್ಸ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಟ್ಯೂಷನ್ ಒಂದೇ ಕೊಡಿಸಲು ಸಾಧ್ಯ ಅಂದರೆ ಫಿಸಿಕ್ಸ್‌ಗೆ ಕೊಡಿಸಿ, ಅದು ನೀಟ್‌ಗೂ ಜೆ.ಇ.ಇ.ಗೂ ಬೇಕು. ಹಣ ಇದೆ, ಮಗುವಿಗೆ ಮೊದಲ ವರ್ಷ ಹೊಂದಿಕೊಳ್ಳಲು ಹೊತ್ತು ಬೇಕು ಅನ್ನುವ ಮನೆಗೆ ಮಂಗಳೂರಿನ ಪಿ.ಸಿ.ಎಂ.ಬಿ. ಹೊಂದುತ್ತದೆ. ಡಿಗ್ರಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಹೋಗುವ ಯೋಚನೆ ಇರುವವರು ಇನ್ನೊಂದು ನೆನಪಿಡಿ. 2025ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿ.ಯು.ಇ.ಟಿ.ಯಲ್ಲಿ ಐದು ವಿಷಯದ ತನಕ, ಹನ್ನೆರಡರಲ್ಲಿ ಓದದ ವಿಷಯವನ್ನೂ ಬರೆಯಬಹುದು. ಕೋರ್ಸಿನ ಅರ್ಹತೆಯನ್ನು ಮಾತ್ರ ಆಯಾ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ನೋಡಬೇಕು.

ತೆಗೆದುಕೊಂಡ ಮೇಲೆ ಬಿಡುವುದಕ್ಕೂ ಒಂದು ಹೊತ್ತು ಇದೆ. ಪ್ಲಸ್ ವನ್ ಸೀಟು ಹಂಚುವ ಏಕಜಾಲಕದಲ್ಲಿ ಮುಖ್ಯ ಅಲಾಟ್‌ಮೆಂಟ್‌ಗಳು ಮುಗಿದ ಮೇಲೆ ಶಾಲೆ ಬದಲು, ಕಾಂಬಿನೇಶನ್ ಬದಲಿಗೆ ಅರ್ಜಿ ಕರೆಯುತ್ತಾರೆ. ದಿನ ಕಮ್ಮಿ ಇರುತ್ತದೆ, ಶಾಲೆಯ ನೋಟಿಸ್ ಬೋರ್ಡಿನಲ್ಲಿ ಬಂದದ್ದು ಮನೆಗೆ ತಲುಪುವುದೇ ಇಲ್ಲ. ಹಾಗಾಗಿ ಮೊದಲ ವಾರವೇ ಮಗುವಿನ ಜೊತೆ ಕೂತು ಕೇಳಿ: ಪಾಠ ಅರ್ಥ ಆಗುತ್ತಿದೆಯಾ, ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದೀಯ, ಯಾವ ಪೀರಿಯಡ್ ಬಂದರೆ ಹೆದರಿಕೆ. ಅದೇ ವಾರ ಶಾಲೆಯ ಆಫೀಸಿನಲ್ಲಿ ಕಾಂಬಿನೇಶನ್ ಬದಲಿಯ ಅರ್ಜಿ ಯಾವಾಗ, ಆ ಬ್ಯಾಚಿನಲ್ಲಿ ಸೀಟು ಎಷ್ಟು ಉಳಿದಿದೆ ಅಂತ ವಿಚಾರಿಸಿ, ತಾರೀಕು ಬರೆದಿಟ್ಟುಕೊಳ್ಳಿ.